ನಿಂತ ಕಾರಿನ ಕಾರ್ಬ್ಯುರೇಟರ್: ಸ್ಕ್ರೂ ಮುಟ್ಟುವ ಮೊದಲು ಮಾಡಬೇಕಾದ ಕೆಲಸಗಳು

ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರ್ ಇರುವ ಹಳೆಯ ಕಾರು ಆರು ತಿಂಗಳೋ ಎರಡು ವರ್ಷವೋ ನಿಂತುಬಿಟ್ಟಿದ್ದರೆ, ಅದನ್ನು ಮತ್ತೆ ಚಾಲೂ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಬ್ಯಾಟರಿ ಬದಲಿಸಿ ಸೆಲ್ಫ್ ಹೊಡೆಯುತ್ತಾರೆ. ಎಂಜಿನ್ ಹಿಡಿಯದಿದ್ದರೆ ಸ್ಕ್ರೂಡ್ರೈವರ್ ತೆಗೆದುಕೊಂಡು ಕಾರ್ಬ್ಯುರೇಟರಿನ ಸ್ಕ್ರೂಗಳನ್ನು ತಿರುಗಿಸಲು ತೊಡಗುತ್ತಾರೆ. ಎರಡೂ ತಪ್ಪು. ನಿಲ್ಲಿಸಿದ ದಿನ ಚೆನ್ನಾಗಿ ಓಡುತ್ತಿದ್ದ ಕಾರಿನ ಸ್ಕ್ರೂಗಳು ಶೆಡ್ಡಿನಲ್ಲಿ ನಿಂತಲ್ಲೇ ತಾವಾಗಿ ತಿರುಗಿರುವುದಿಲ್ಲ. ಬದಲಾಗಿರುವುದು ಪೆಟ್ರೋಲ್, ರಬ್ಬರ್ ಮತ್ತು ಪೆಟ್ರೋಲ್ ಹರಿಯುವ ಸಣ್ಣ ಸಣ್ಣ ರಂಧ್ರಗಳು. ಆದ್ದರಿಂದ ಹುಡುಕಾಟ ಟ್ಯಾಂಕಿನಿಂದ ಆರಂಭವಾಗಿ, ಪೆಟ್ರೋಲ್ ಸಾಗುವ ದಾರಿಯಲ್ಲೇ ಮುಂದುವರಿದು, ಕಾರ್ಬ್ಯುರೇಟರಿನಲ್ಲಿ ಮುಗಿಯಬೇಕು. ಸ್ಕ್ರೂಗಳ ಸರದಿ ಎಲ್ಲಕ್ಕಿಂತ ಕೊನೆಯದು.

ಈ ಲೇಖನದಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಕಾರ್ಬ್ಯುರೇಟರ್ ಇರುವ ಮಾರುತಿ 800. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಕಾರಿನ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ನೇ ಆಮ್ನಿಯಲ್ಲೂ ಇರುವುದರಿಂದ ಇಲ್ಲಿ ಹೇಳಿದ್ದು ಅದಕ್ಕೂ ಸಲ್ಲುತ್ತದೆ. ವ್ಯತ್ಯಾಸವೆಂದರೆ ಆಮ್ನಿಯಲ್ಲಿ ಎಂಜಿನ್ ಮುಂದಿನ ಸೀಟಿನ ಕೆಳಗಿದೆ, ಹಾಗಾಗಿ ಪೆಟ್ರೋಲಿನ ಆವಿ ಕಾರಿನೊಳಗೇ ತುಂಬಿಕೊಳ್ಳುತ್ತದೆ. ಪ್ರೀಮಿಯರ್ ಪದ್ಮಿನಿ, ಅಂಬಾಸಡರ್ ಕಾರುಗಳಲ್ಲಿ ಕಾರ್ಬ್ಯುರೇಟರಿನ ವಿನ್ಯಾಸ ಬೇರೆಯಾದರೂ ಹುಡುಕುವ ಕ್ರಮ ಇದೇ. ಎಲ್‌ಪಿಜಿ ಕಿಟ್ ಹಾಕಿಸಿ ವರ್ಷಗಟ್ಟಲೆ ಗ್ಯಾಸಿನಲ್ಲೇ ಓಡಿಸಿದ ಕಾರು ದಿನವೂ ರಸ್ತೆಯಲ್ಲಿದ್ದರೂ ಅದರ ಕಾರ್ಬ್ಯುರೇಟರ್ ಮಾತ್ರ ನಿಂತ ಕಾರಿನದ್ದೇ ಎಂದು ತಿಳಿಯಬೇಕು.

ನಿಂತಾಗ ಒಳಗೆ ಆಗುವುದೇನು

ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರ್, ಅಂದರೆ ಪೆಟ್ರೋಲ್ ನಿಲ್ಲುವ, ಅದರ ಮಟ್ಟ ಕಾಯುವ ತೇಲುಬುಂಡೆ (ಫ್ಲೋಟ್) ಇರುವ ಸಣ್ಣ ತೊಟ್ಟಿ, ಗಾಳಿಗೆ ತೆರೆದುಕೊಂಡಿರುತ್ತದೆ. ಅದು ಹಾಗೆ ಇದ್ದರೆ ಮಾತ್ರ ಪೆಟ್ರೋಲ್ ಜೆಟ್‌ಗಳ, ಅಂದರೆ ಅಳತೆಯ ರಂಧ್ರವಿರುವ ಸಣ್ಣ ಹಿತ್ತಾಳೆ ತುಂಡುಗಳ, ಮೂಲಕ ಹರಿಯುತ್ತದೆ. ಕಾರು ನಿಂತಾಗ ಅದೇ ದಾರಿಯಿಂದ ಪೆಟ್ರೋಲಿನ ಹಗುರ ಅಂಶ ಆವಿಯಾಗಿ ಹೋಗುತ್ತದೆ. ನಮ್ಮ ಬೇಸಿಗೆಯಲ್ಲಿ ಕೆಲವೇ ವಾರಗಳಲ್ಲಿ ಚೇಂಬರ್ ಒಣಗುತ್ತದೆ. ಉಳಿದ ಭಾರದ ಅಂಶ ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗಿ, ಬೆಲ್ಲದ ಪಾಕ ಪಾತ್ರೆಯ ತಳಕ್ಕೆ ಹಿಡಿದಂತೆ, ಚೇಂಬರಿನ ತಳಕ್ಕೂ ಜೆಟ್‌ಗಳ ಬಾಯಿಗೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಐಡ್ಲಿಂಗ್‌ಗೆ (ಎಕ್ಸಲರೇಟರ್ ಒತ್ತದೆ ಎಂಜಿನ್ ನಿಧಾನವಾಗಿ ಓಡುವುದಕ್ಕೆ) ಪೆಟ್ರೋಲ್ ಕೊಡುವ ಸ್ಲೋ ಜೆಟ್‌ನ ರಂಧ್ರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನಷ್ಟೂ ಇರುವುದಿಲ್ಲ. ಅದು ಮುಚ್ಚಿಹೋಗಲು ತೆಳ್ಳನೆಯ ಒಂದು ಪದರ ಸಾಕು. ನಿಂತ ಕಾರು ಎಕ್ಸಲರೇಟರ್ ಒತ್ತಿದಾಗ ಓಡಿ, ಕಾಲು ತೆಗೆದೊಡನೆ ಆಫ್ ಆಗುವ ದೂರು ಅಷ್ಟೊಂದು ಸಾಮಾನ್ಯವಾಗಿರುವುದು ಇದರಿಂದಲೇ.

ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಇದಕ್ಕೆ ಇನ್ನೊಂದು ತೊಂದರೆ ಸೇರಿಸಿದೆ. ಶೇ. 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲಿಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಕೊಡಲಾಯಿತು. 2025ರ ಹೊತ್ತಿಗೆ ಅದು ದೇಶದ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲೇ ಆಯಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಒಂದು ಮಳೆಗಾಲ ಅರ್ಧ ತುಂಬಿದ ಟ್ಯಾಂಕಿನೊಡನೆ ನಿಂತ ಕಾರಿನಲ್ಲಿ ನೀರಿನ ಪ್ರಮಾಣ ಒಂದು ಮಿತಿ ದಾಟಿದರೆ, ಎಥನಾಲ್ ಮತ್ತು ನೀರು ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಪೆಟ್ರೋಲನ್ನು ಎಳೆದುಕೊಳ್ಳುವ ಕೊಳವೆಯ ಬಾಯಿ ಇರುವುದೂ ತಳದ ಹತ್ತಿರವೇ ಆದ್ದರಿಂದ, ಮೇಲೆ ಒಳ್ಳೆಯ ಪೆಟ್ರೋಲ್ ಇದ್ದರೂ ಎಂಜಿನ್ನಿಗೆ ಮೊದಲು ಹೋಗುವುದು ಆ ನೀರೇ. ಕಾರ್ಬ್ಯುರೇಟರಿನ ಸತು–ಅಲ್ಯೂಮಿನಿಯಂ ಮಿಶ್ರಲೋಹದ ಮೈ ಅಂಥ ನೀರಿನಲ್ಲಿ ನಿಂತರೆ ಬಿಳಿ ಪುಡಿ ಎದ್ದು ತೂತು ತೂತಾಗುತ್ತದೆ. ಎಥನಾಲನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತಯಾರಾದ ಹಳೆಯ ರಬ್ಬರ್ ಹೋಸುಗಳು ಉಬ್ಬಿ, ಆಮೇಲೆ ಒಣಗಿ ಬಿರಿಯುತ್ತವೆ.

ಮೊದಲು ಸುರಕ್ಷತೆ, ಆಮೇಲೆ ಸ್ಪ್ಯಾನರ್

ಕಾರನ್ನು ಬಯಲಿಗೆ ತಳ್ಳಿಕೊಂಡು ಬನ್ನಿ. ಮುಚ್ಚಿದ ಶೆಡ್ಡಿನಲ್ಲಿ, ದೇವರ ದೀಪವೋ ಗ್ಯಾಸ್ ಒಲೆಯೋ ಹತ್ತಿರವಿರುವ ಪೋರ್ಟಿಕೋದಲ್ಲಿ ಈ ಕೆಲಸ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ತಲುಪುತ್ತದೆ. ಪೆಟ್ರೋಲ್ ಬೆಂಕಿಗೆ ಆಗುವ ಎಬಿಸಿ ಪುಡಿಯ ಅಗ್ನಿಶಾಮಕವೊಂದು ಕೈಗೆಟುಕುವಲ್ಲಿರಲಿ, ನೀರಿನ ಬಕೆಟ್ ಇದಕ್ಕೆ ಆಗುವುದಿಲ್ಲ. ಹೋಸು ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ.

ಬಾನೆಟ್ ತೆರೆದಾಗ ಯಾವುದನ್ನೂ ಮುಟ್ಟದೆ ಸ್ವಲ್ಪ ಹೊತ್ತು ನೋಡಿ. ಏರ್ ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು ಮಾಡಿರುವುದು, ಹೋಸು ಕಡಿದಿರುವುದು ನಮ್ಮ ಕಡೆ ತೀರಾ ಸಾಮಾನ್ಯ. ಕಣಜದ ಹುಳುಗಳು ಸಣ್ಣ ಕೊಳವೆಯ ಬಾಯಿ ಕಂಡರೆ ಮಣ್ಣು ತುಂಬಿ ಮುಚ್ಚುತ್ತವೆ. ಟ್ಯಾಂಕಿನ ಗಾಳಿಕೊಳವೆ ಹೀಗೆ ಮುಚ್ಚಿದ್ದರೆ ಎಂಜಿನ್ ಹತ್ತು ನಿಮಿಷ ಓಡಿ, ಟ್ಯಾಂಕಿನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಬರದೆ ನಿಲ್ಲುತ್ತದೆ. ಟ್ಯಾಂಕಿನ ಮುಚ್ಚಳ ತೆರೆದಾಗ ಉಸ್ಸೆಂದು ಗಾಳಿ ಎಳೆದುಕೊಂಡು ಮತ್ತೆ ಓಡುತ್ತದೆ. ಈ ಲಕ್ಷಣಕ್ಕೆ ಕಾರ್ಬ್ಯುರೇಟರ್ ಬಿಚ್ಚಿ ಕೂತವರನ್ನು ನಾನು ಕಂಡಿದ್ದೇನೆ.

ಎಂಜಿನ್ ಆಯಿಲಿನ ಕಡ್ಡಿಯನ್ನು ಎಳೆದು ಮೂಸಿ ನೋಡಿ. ಆಯಿಲ್ ಮಟ್ಟ ಮೇಲಿನ ಗೆರೆಗಿಂತ ಏರಿದ್ದು ಪೆಟ್ರೋಲಿನ ವಾಸನೆ ಬರುತ್ತಿದ್ದರೆ, ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಒಳಗಿನ ಮೆತ್ತನೆಯ ಪೊರೆ) ಹರಿದಿದೆ, ಇಲ್ಲವೇ ಕಾರ್ಬ್ಯುರೇಟರ್ ಉಕ್ಕಿ ಹರಿದ ಪೆಟ್ರೋಲ್ ಸಿಲಿಂಡರ್ ದಾಟಿ ಕೆಳಗಿಳಿದಿದೆ. ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗುಗಳನ್ನು ಕಾಪಾಡುವುದಿಲ್ಲ. ಅದನ್ನು ಬದಲಿಸುವವರೆಗೆ ಎಂಜಿನ್ ಓಡಿಸಬಾರದು.

ಬಹಳ ಕಾಲ ನಿಂತಿದ್ದರೆ ಮೂರೂ ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ. ಸಲೀಸಾಗಿ ತಿರುಗಿದರೆ ಮಾತ್ರ ಮುಂದೆ ಸೆಲ್ಫ್ ಬಳಸಬಹುದು. ಪ್ಲಗ್ ಕಿಡಿಯನ್ನು ಇದೇ ಹಂತದಲ್ಲಿ, ಅಂದರೆ ಪೆಟ್ರೋಲಿನ ದಾರಿಯನ್ನು ಬಿಚ್ಚುವ ಮೊದಲೇ, ಬ್ಯಾಟರಿ ಜೋಡಿಸಿಕೊಂಡು ನೋಡಿಬಿಡಿ. ಆಯಿಲಿನ ತುಂತುರು ಹಾರದಂತೆ ಪ್ಲಗ್ ರಂಧ್ರಗಳ ಮೇಲೆ ಬಟ್ಟೆ ಇರಲಿ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಹಳೆಯದಾಗಿದ್ದು ಅದರಲ್ಲಿ ಪಾಯಿಂಟ್ (ವಿದ್ಯುತ್ತನ್ನು ಕಡಿದು ಜೋಡಿಸುವ ಸಂಪರ್ಕ) ಇದ್ದರೆ ಪಾಯಿಂಟಿನ ಮುಖಕ್ಕೆ ಕಿಲುಬು ಹಿಡಿದು ಕಿಡಿಯೇ ಬಾರದಿರಬಹುದು. ನಯವಾದ ಎಮೆರಿ ಕಾಗದದಿಂದ ಒರೆಸಿ, ಅಂತರವನ್ನು 0.4 ರಿಂದ 0.5 ಮಿಲಿಮೀಟರಿಗೆ ಇಟ್ಟರೆ ಅದು ಸರಿಹೋಗುತ್ತದೆ. ಮೂರೂ ಪ್ಲಗ್‌ಗಳಲ್ಲಿ ಒಳ್ಳೆಯ ನೀಲಿ ಕಿಡಿ ಕಂಡ ಮೇಲೆ ಅನುಮಾನ ಪೆಟ್ರೋಲಿನ ಕಡೆಗೆ ತಿರುಗಬೇಕು.

ಟ್ಯಾಂಕಿನಿಂದ ಪಂಪಿನವರೆಗೆ

ಟ್ಯಾಂಕಿನಲ್ಲಿರುವುದು ಪೆಟ್ರೋಲೋ ಬೇರೇನೋ ಎಂದು ತಿಳಿಯಲು ಒಂದು ಗಾಜಿನ ಬಾಟಲಿ ಸಾಕು. ಕೈಯಿಂದ ಒತ್ತುವ ಪಂಪ್ ಇರುವ ಕೊಳವೆಯಿಂದ, ಸಾಧ್ಯವಾದಷ್ಟೂ ತಳದಿಂದ, ಸ್ವಲ್ಪ ಪೆಟ್ರೋಲ್ ತೆಗೆಯಿರಿ. ಕೊಳವೆಗೆ ಬಾಯಿಟ್ಟು ಎಳೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ, ಶ್ವಾಸಕೋಶಕ್ಕೆ ಇಳಿದ ಪೆಟ್ರೋಲ್ ಆಸ್ಪತ್ರೆಗೆ ಸೇರಿಸುತ್ತದೆ. ಬಾಟಲಿಯನ್ನು ಅರ್ಧ ಗಂಟೆ ಅಲುಗಿಸದೆ ಇಟ್ಟು ಬೆಳಕಿಗೆ ಹಿಡಿದಾಗ ನಡುವೆ ಗೆರೆ ಎಳೆದಂತೆ ಎರಡು ಪದರ ಕಂಡರೆ ಕೆಳಗಿನದು ನೀರು ಬೆರೆತ ಎಥನಾಲ್. ಕಡು ಚಹಾದ ಬಣ್ಣವಿದ್ದು ಹಳೆಯ ವಾರ್ನಿಷ್ ವಾಸನೆ ಬಂದರೆ ಪೆಟ್ರೋಲ್ ಹಳಸಿದೆ. ತಳದಲ್ಲಿ ಕೆಂಪು ಪುಡಿ ನಿಂತರೆ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿದಿದೆ. ಈ ಮೂರರಲ್ಲಿ ಯಾವುದು ಕಂಡರೂ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಬೇಕು. ಮೇಲೆ ಐದು ಲೀಟರ್ ಹೊಸ ಪೆಟ್ರೋಲ್ ಸುರಿದರೆ ಎಲ್ಲ ಸರಿಹೋಗುತ್ತದೆ ಎಂಬ ಲೆಕ್ಕಾಚಾರದಿಂದ ಹೊಸದೂ ಹಾಳಾಗುತ್ತದೆ. ತೆಗೆದ ಪೆಟ್ರೋಲನ್ನು ಚರಂಡಿಗೋ ತೋಟದ ಮೂಲೆಗೋ ಸುರಿಯಬೇಡಿ, ಬಾವಿಯ ನೀರಿನಲ್ಲಿ ಅದರ ವಾಸನೆ ವರ್ಷಗಟ್ಟಲೆ ಉಳಿದೀತು. ಮುಚ್ಚಳವಿರುವ ಲೋಹದ ಕ್ಯಾನಿನಲ್ಲಿಟ್ಟು, ಹಳೆಯ ಆಯಿಲ್ ಒಯ್ಯುವವರನ್ನು ಬಲ್ಲ ಗ್ಯಾರೇಜಿಗೆ ಒಪ್ಪಿಸಿ.

ಆಮೇಲೆ ಹೋಸುಗಳು. ಬೆರಳಿನಲ್ಲಿ ಬಗ್ಗಿಸಿದಾಗ ಮೇಲ್ಮೈಯಲ್ಲಿ ಸಣ್ಣ ಬಿರುಕು ಕಾಣುವ, ಅಥವಾ ಒತ್ತಿದರೆ ಮೆತ್ತಗೆ ಒಳಗಿಳಿದು ಮೇಲೇಳದ ಹೋಸನ್ನು ಇನ್ನೊಂದು ಸಲ ಬಳಸುವ ಯೋಚನೆ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಾಗಲಿ ನಿಮ್ಮ ಊರಿನ ಬಿಡಿಭಾಗದ ಅಂಗಡಿಯಲ್ಲಾಗಲಿ ಕೇಳುವಾಗ ಎಥನಾಲ್ ಬೆರೆತ ಪೆಟ್ರೋಲಿಗೆ ಆಗುವ ಫ್ಯುಯೆಲ್ ಹೋಸ್ ಎಂದೇ ಕೇಳಿ; ನೀರಿನ ಪೈಪಿನಂತೆ ಕಾಣುವ ಅಗ್ಗದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಎಂಜಿನ್ನಿನ ಬಿಸಿಗೆ ಗಟ್ಟಿಯಾಗಿ ಜಾರಿಬೀಳುತ್ತದೆ, ಜಾರಿದಾಗ ಪೆಟ್ರೋಲ್ ಬೀಳುವುದು ಬಿಸಿ ಸೈಲೆನ್ಸರ್ ಮೇಲೆ. ಕ್ಲಿಪ್‌ಗಳೂ ಹೊಸವಿರಲಿ. ಪೆಟ್ರೋಲ್ ಫಿಲ್ಟರನ್ನು ನೋಡಿ ತೀರ್ಮಾನಿಸುವ ಅಗತ್ಯವಿಲ್ಲ, ಬದಲಿಸಿಬಿಡಿ. ಬಾಣದ ಗುರುತು ಪಂಪಿನ ದಿಕ್ಕಿಗಿರಬೇಕು.

ಈಗ ಪಂಪ್. ಮಾರುತಿಯಲ್ಲಿರುವುದು ಕ್ಯಾಮ್‌ಶಾಫ್ಟ್ ತಳ್ಳುವ ಯಾಂತ್ರಿಕ ಪಂಪ್. ಅದರ ಡಯಾಫ್ರಾಮ್ ಒಣಗಿ ಗಟ್ಟಿಯಾಗಿರಬಹುದು, ಒಳಗಿನ ವಾಲ್ವ್‌ಗಳು ಅಂಟಿಕೊಂಡಿರಬಹುದು. ಟ್ಯಾಂಕ್ ಕಡೆಯ ಹೋಸನ್ನು ಪಂಪಿನಿಂದ ಬಿಚ್ಚಿ, ಆ ಜಾಗಕ್ಕೆ ಹೊಸ ಹೋಸು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಒಂದು ಲೀಟರ್ ತಾಜಾ ಪೆಟ್ರೋಲ್ ಇರುವ ಡಬ್ಬಿಗೆ ಇಳಿಸಿ. ಕಾರ್ಬ್ಯುರೇಟರಿಗೆ ಹೋಗುವ ಹೋಸಿನ ತುದಿ ಬಿಚ್ಚಿ ಖಾಲಿ ಬಾಟಲಿಗೆ ಬಿಡಿ. ಕಿಡಿ ಹುಟ್ಟದಿರಲು, ಕಿಡಿಗೆ ಬೇಕಾದ ವಿದ್ಯುತ್ ಕೊಡುವ ಕಾಯಿಲ್‌ನ ಪಾಸಿಟಿವ್ ಕಡೆಯ ಸಣ್ಣ ವಯರನ್ನು ತೆಗೆದು ಟೇಪ್ ಸುತ್ತಿ. ದಪ್ಪ ವಯರನ್ನು ಮಾತ್ರ ತೆಗೆದು ನೇತುಹಾಕಿದರೆ ಅದರ ತುದಿಯಲ್ಲೇ ಕಿಡಿ ಹಾರುತ್ತದೆ, ಪೆಟ್ರೋಲ್ ತೆರೆದಿರುವಾಗ ಅದು ಅಪಾಯ. ಹೀಗೆ ಸಿದ್ಧಮಾಡಿಕೊಂಡು, ಬ್ಯಾಟರಿ ಜೋಡಿಸಿ, ಇನ್ನೊಬ್ಬರಿಂದ ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿ. ಬಾಟಲಿಗೆ ಚಿಳಕ್ ಚಿಳಕ್ ಎಂದು ಬಿಟ್ಟುಬಿಟ್ಟು ಪೆಟ್ರೋಲ್ ಚಿಮ್ಮಿದರೆ ಪಂಪ್ ಸರಿಯಿದೆ. ಡಬ್ಬಿಯಿಂದ ಬರುವ ಪೆಟ್ರೋಲ್ ಟ್ಯಾಂಕಿನಿಂದ ಬರದಿದ್ದರೆ ದೋಷ ಟ್ಯಾಂಕಿನಲ್ಲೋ ಉದ್ದನೆಯ ಲೋಹದ ಪೈಪಿನಲ್ಲೋ ಇದೆ. ಎರಡರಿಂದಲೂ ಬರದಿದ್ದರೆ ಪಂಪ್ ಬದಲಿಸುವುದೇ ಲೇಸು. ಬೆಲೆ ಹೆಚ್ಚಿಲ್ಲ, ರಿಪೇರಿ ಮಾಡಿದ ಪಂಪ್ ನಡುದಾರಿಯಲ್ಲಿ ಕೈಕೊಡುವ ಸಂಭವ ಹೆಚ್ಚು. ಸೆಲ್ಫನ್ನು ಒಂದೇ ಸಮನೆ ಹೊಡೆಯದೆ ಪ್ರತಿ ಬಾರಿಯ ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಿ.

ಲಕ್ಷಣ ನೋಡಿ ಜಾಗ ಗುರುತಿಸುವುದು

ಪಂಪಿನವರೆಗೆ ಎಲ್ಲ ಸರಿಯಿದ್ದು ಹೋಸುಗಳನ್ನೂ ಕಾಯಿಲ್‌ನ ವಯರನ್ನೂ ಮತ್ತೆ ಜೋಡಿಸಿದ ಮೇಲೆ ಕಾರ್ಬ್ಯುರೇಟರನ್ನು ಬಿಚ್ಚದೆಯೇ ಬಹಳಷ್ಟು ತಿಳಿಯಬಹುದು. ಏರ್ ಫಿಲ್ಟರ್ ಡಬ್ಬಿ ತೆಗೆದು, ಎಂಜಿನ್ ಆಫ್ ಇರುವಾಗ, ಟಾರ್ಚ್ ಬೆಳಕಿನಲ್ಲಿ ಕಾರ್ಬ್ಯುರೇಟರಿನ ಗಂಟಲಿನೊಳಗೆ ನೋಡುತ್ತ ಎಕ್ಸಲರೇಟರಿನ ಲಿಂಕನ್ನು ಕೈಯಿಂದ ಚಕ್ಕನೆ ಎಳೆಯಿರಿ. ಸೂಜಿಯಷ್ಟು ತೆಳ್ಳನೆಯ, ಆದರೆ ನೇರವಾದ ಪೆಟ್ರೋಲಿನ ಧಾರೆ ಕೆಳಕ್ಕೆ ಚಿಮ್ಮಬೇಕು. ಚಿಮ್ಮಿದರೆ ಫ್ಲೋಟ್ ಚೇಂಬರಿನಲ್ಲಿ ಪೆಟ್ರೋಲ್ ಇದೆ, ಈ ಧಾರೆ ಚಿಮ್ಮಿಸುವ, ಕಾರ್ಬ್ಯುರೇಟರಿನೊಳಗಿನ ಎಕ್ಸಲರೇಟರ್ ಪಂಪಿನ ಡಯಾಫ್ರಾಮ್ ಜೀವಂತವಾಗಿದೆ ಎಂಬ ಎರಡೂ ಸಂಗತಿ ಒಂದೇ ನೋಟಕ್ಕೆ ಖಚಿತವಾಗುತ್ತವೆ. ಧಾರೆಯ ಬದಲು ತೊಟ್ಟಿಕ್ಕಿದರೆ ಡಯಾಫ್ರಾಮ್ ಗಟ್ಟಿಯಾಗಿದೆ. ಅಂಥ ಕಾರು ಐಡ್ಲಿಂಗ್‌ನಲ್ಲಿ ಚೆನ್ನಾಗಿದ್ದು ಎಕ್ಸಲರೇಟರ್ ಒತ್ತಿದೊಡನೆ ಒಮ್ಮೆ ಉಸಿರು ಕಟ್ಟಿದಂತಾಗಿ ಆಮೇಲೆ ಎಳೆಯುತ್ತದೆ. ಏನೂ ಬಾರದಿದ್ದರೆ ಚೇಂಬರ್ ಖಾಲಿಯಿರಬಹುದು, ಅಂದರೆ ಪೆಟ್ರೋಲ್ ಒಳಬಿಡುವ ನೀಡಲ್ ವಾಲ್ವ್ ಮುಚ್ಚಿದಲ್ಲೇ ಅಂಟಿಕೊಂಡಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಫ್ಲೋಟ್ ಚೇಂಬರಿನ ಮೈಗೆ ಮೆಲ್ಲಗೆ ತಟ್ಟಿದರೆ ಅದು ಕೆಲವೊಮ್ಮೆ ಬಿಡಿಸಿಕೊಳ್ಳುತ್ತದೆ. ಬಿಡಿಸಿಕೊಂಡರೂ ಕಾರ್ಬ್ಯುರೇಟರ್ ತೊಳೆಯುವ ಕೆಲಸ ತಪ್ಪುವುದಿಲ್ಲ.

ಇದಕ್ಕೆ ವಿರುದ್ಧವಾಗಿ, ವಾಲ್ವ್ ತೆರೆದಲ್ಲೇ ಸಿಕ್ಕಿಕೊಂಡಿದ್ದರೆ ಅಥವಾ ಫ್ಲೋಟಿನೊಳಗೆ ಪೆಟ್ರೋಲ್ ತುಂಬಿ ಅದು ಮುಳುಗಿದ್ದರೆ ಚೇಂಬರ್ ಉಕ್ಕುತ್ತದೆ. ಗಂಟಲಿನಲ್ಲಿ ಪೆಟ್ರೋಲ್ ಸೋರುವುದು ಕಾಣುತ್ತದೆ, ಪ್ಲಗ್‌ಗಳು ಒದ್ದೆಯಾಗುತ್ತವೆ, ಹಿಡಿದರೂ ಕಪ್ಪು ಹೊಗೆ. ಇದನ್ನು ಕಂಡೊಡನೆ ಸೆಲ್ಫ್ ನಿಲ್ಲಿಸಬೇಕು. ಕೆಲವು ಕಾರ್ಬ್ಯುರೇಟರ್‌ಗಳ ಮೈಯಲ್ಲಿ ಚೇಂಬರಿನ ಮಟ್ಟ ತೋರಿಸುವ ಸಣ್ಣ ಗಾಜಿನ ಕಿಟಕಿ ಇರುತ್ತದೆ, ಇದ್ದರೆ ಪೆಟ್ರೋಲ್ ಅದರ ನಡುವಿನ ಗುರುತಿನ ಮಟ್ಟಕ್ಕೆ ನಿಲ್ಲಬೇಕು.

ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹೆಚ್ಚಿಸುವ ಚೋಕ್ ಎಳೆದಾಗ ಮಾತ್ರ ಓಡುವ, ಚೋಕ್ ಬಿಟ್ಟೊಡನೆ ನಿಲ್ಲುವ ಕಾರಿಗೆ ಎರಡು ಕಾರಣಗಳಿರುತ್ತವೆ. ಒಂದು ಮುಚ್ಚಿದ ಸ್ಲೋ ಜೆಟ್, ಇನ್ನೊಂದು ಎಲ್ಲಿಂದಲೋ ಒಳನುಗ್ಗುತ್ತಿರುವ ಗಾಳಿ. ಇವನ್ನು ಬೇರ್ಪಡಿಸದೆ, ಐಡ್ಲಿಂಗಿನ ಪೆಟ್ರೋಲ್–ಗಾಳಿಯ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೆ ಇದ್ದ ಆಧಾರವೂ ತಪ್ಪುತ್ತದೆ. ಗಾಳಿ ನುಗ್ಗುವುದನ್ನು ಹಿಡಿಯಲು ಕಾರ್ಬ್ಯುರೇಟರಿನ ಬುಡಕ್ಕೆ ಕ್ಲೀನರ್ ಸಿಂಪಡಿಸುವ ರೂಢಿಯಿದೆ. ಓಡುವ ಬಿಸಿ ಎಂಜಿನ್ನಿನ ಮೇಲೆ ಅದು ಹೊತ್ತಿಕೊಂಡೀತು. ಬಟ್ಟೆ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ಡಿಸ್ಟ್ರಿಬ್ಯೂಟರ್ ಕಡೆ ಹಾರದಂತೆ ಬುಡದ ಗ್ಯಾಸ್ಕೆಟ್ ಸುತ್ತ ಮತ್ತು ನಿರ್ವಾತದ ಸಣ್ಣ ಹೋಸುಗಳ ಮೇಲೆ ಸಿಂಪಡಿಸಿದರೂ ಅದೇ ಉತ್ತರ ಸಿಗುತ್ತದೆ. ಸೋರುವ ಜಾಗಕ್ಕೆ ನೀರು ಬಿದ್ದಾಗ ಎಂಜಿನ್ನಿನ ಸದ್ದು ಬದಲಾಗುತ್ತದೆ. ಬ್ರೇಕ್ ಬೂಸ್ಟರ್ ಇರುವ ಕಾರಾದರೆ ಅದರ ಹೋಸನ್ನೂ ನೋಡಿ.

ಐಡ್ಲಿಂಗ್ ನಿಲ್ಲದಿದ್ದಾಗ ಮತ್ತೊಂದು ಪುಕ್ಕಟೆ ಪರೀಕ್ಷೆ ಇದೆ, ಇದನ್ನು ಮರೆಯುವವರೇ ಹೆಚ್ಚು. ಮಾರುತಿಯ ಬಹಳಷ್ಟು ಕಾರ್ಬ್ಯುರೇಟರ್‌ಗಳಲ್ಲಿ ಕೀ ಆಫ್ ಮಾಡಿದಾಗ ಐಡ್ಲಿಂಗಿನ ಪೆಟ್ರೋಲನ್ನು ತಡೆಯುವ, ವಿದ್ಯುತ್ತಿನಿಂದ ನಡೆಯುವ ಸಣ್ಣ ವಾಲ್ವ್, ಅಂದರೆ ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಅದರ ವಯರನ್ನು ತೆಗೆದು ಮತ್ತೆ ಸಿಕ್ಕಿಸಿದಾಗ ಟಕ್ ಎಂಬ ಸದ್ದು ಕೇಳಬೇಕು. ಕೇಳದಿದ್ದರೆ ಇಲಿ ಕಡಿದ ವಯರೋ ಕಿಲುಬಿನ ತುದಿಯೋ ಸುಟ್ಟ ಫ್ಯೂಸೋ ಕಾರಣವಿರಬಹುದು. ಪೆಟ್ರೋಲ್ ಹೊರಗೆ ಸೋರಿಲ್ಲವೆಂದು ಖಚಿತಪಡಿಸಿಕೊಂಡೇ ಈ ಪರೀಕ್ಷೆ ಮಾಡಿ. ಇನ್ನು, ಐಡ್ಲಿಂಗ್ ಚೆನ್ನಾಗಿದ್ದು, ಏರು ರಸ್ತೆಯಲ್ಲೋ ಮೂರನೆಯ ಗೇರಿನಲ್ಲೋ ಜಗ್ಗುತ್ತ ಮಿಸ್ ಹೊಡೆದರೆ ಮೇನ್ ಜೆಟ್ ಭಾಗಶಃ ಮುಚ್ಚಿದೆ ಅಥವಾ ಪೆಟ್ರೋಲ್ ಸಾಕಷ್ಟು ಬರುತ್ತಿಲ್ಲ ಎಂದರ್ಥ.

ಒಂದು ಎಚ್ಚರಿಕೆ. ಬಾಟಲಿಯಿಂದ ಪೆಟ್ರೋಲನ್ನು ಕಾರ್ಬ್ಯುರೇಟರಿನ ಬಾಯಿಗೆ ಸುರಿಯುತ್ತಲೇ ಸೆಲ್ಫ್ ಹೊಡೆಸುವ ಪದ್ಧತಿಯನ್ನು ರಸ್ತೆಬದಿಯಲ್ಲಿ ದಿನವೂ ಕಾಣುತ್ತೇವೆ. ಎಂಜಿನ್ ಒಮ್ಮೆ ಹಿಮ್ಮುಖವಾಗಿ ಸಿಡಿದರೆ ಜ್ವಾಲೆ ಮೇಲಕ್ಕೆ ಬಂದು ಬಾಟಲಿಗೂ ಅದನ್ನು ಹಿಡಿದ ಕೈಗೂ ತಗಲುತ್ತದೆ. ಆ ಪರೀಕ್ಷೆ ಬೇಕೇ ಬೇಕೆಂದರೆ ಒಂದು ಚಮಚ ಹಾಕಿ, ಬಾಟಲಿಯ ಮುಚ್ಚಳ ಬಿಗಿದು ದೂರವಿಟ್ಟು, ಏರ್ ಫಿಲ್ಟರ್ ಡಬ್ಬಿಯನ್ನು ಕೂರಿಸಿದ ಮೇಲೆ ಮಾತ್ರ ಸೆಲ್ಫ್ ಹೊಡೆಯಿರಿ. ಕ್ಷಣಕಾಲ ಓಡಿ ನಿಂತರೆ ಕಿಡಿಯೂ ಕಂಪ್ರೆಶನ್ನೂ ಸರಿಯಿವೆ, ಪೆಟ್ರೋಲ್ ಮಾತ್ರ ಬರುತ್ತಿಲ್ಲ.

ಬಿಚ್ಚಿ ತೊಳೆಯುವುದು

ಕಾರ್ಬ್ಯುರೇಟರ್ ಇಳಿಸುವ ಮೊದಲು ಓವರ್‌ಹಾಲಿಂಗ್ ಕಿಟ್ ಕೈಯಲ್ಲಿರಬೇಕು. ಗ್ಯಾಸ್ಕೆಟ್‌ಗಳು, ನೀಡಲ್ ವಾಲ್ವ್, ಎಕ್ಸಲರೇಟರ್ ಪಂಪಿನ ಡಯಾಫ್ರಾಮ್ ಅದರಲ್ಲಿರುತ್ತವೆ. ನಿಮ್ಮ ಕಾರ್ಬ್ಯುರೇಟರಿನ ಮೈಮೇಲಿರುವ ತಯಾರಕರ ಹೆಸರು ಮತ್ತು ನಂಬರ್ ನೋಡಿಯೇ ಕೊಳ್ಳಿ, ಕಾರಿನ ಹೆಸರು ಹೇಳಿ ತಂದ ಕಿಟ್ ಹೊಂದದೆ ಇರುವುದುಂಟು. ಬಿಚ್ಚುವ ಪ್ರತಿ ಹಂತದಲ್ಲೂ, ಹೋಸುಗಳನ್ನು ತೆಗೆಯುವ ಮುನ್ನವಂತೂ ಕಡ್ಡಾಯವಾಗಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಇಳಿಸಿದ ಕೂಡಲೇ ಎಂಜಿನ್ನಿನ ತೆರೆದ ಬಾಯಿಯನ್ನು ಬಟ್ಟೆಯಿಂದ ಮುಚ್ಚಿ; ಒಂದು ಸಣ್ಣ ನಟ್ ಒಳಗೆ ಬಿದ್ದರೆ ಎಂಜಿನ್ ಬಿಚ್ಚಬೇಕಾದೀತು.

ಮೇಲಿನ ಮುಚ್ಚಳದ ಸ್ಕ್ರೂಗಳನ್ನು ತೆಗೆದು ಎತ್ತಿದಾಗ ನಿಂತ ಕಾರಿನ ಕಥೆಯೆಲ್ಲ ಫ್ಲೋಟ್ ಚೇಂಬರಿನ ತಳದಲ್ಲಿ ಕಾಣುತ್ತದೆ. ಜೇನಿನ ಬಣ್ಣದ, ಉಗುರಿಗೆ ಸಿಗದಷ್ಟು ಗಟ್ಟಿಯಾದ ಪದರ ಇದ್ದರೆ ಅದು ಹಳಸಿದ ಪೆಟ್ರೋಲಿನ ಅಂಟು. ಮೂಲೆಗಳಲ್ಲಿ ಬಿಳಿ ಅಥವಾ ಮಾಸಲು ಹಸಿರು ಪುಡಿ ಎದ್ದಿದ್ದರೆ ನೀರು ನಿಂತಿತ್ತು. ಕೆಂಪು ಪುಡಿ ಟ್ಯಾಂಕಿನಿಂದ ಫಿಲ್ಟರ್ ದಾಟಿ ಬಂದದ್ದು, ಅದು ಕಂಡರೆ ಟ್ಯಾಂಕಿನ ಕೆಲಸ ಇನ್ನೂ ಮುಗಿದಿಲ್ಲ. ಫ್ಲೋಟನ್ನು ಕಿವಿಯ ಬಳಿ ಹಿಡಿದು ಅಲುಗಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ. ನೀಡಲ್ ವಾಲ್ವಿನ ತುದಿಯಲ್ಲಿ ಉಂಗುರದಂತೆ ಗೆರೆ ಬಿದ್ದಿದ್ದರೆ ಅದೂ ಕೆಲಸಕ್ಕೆ ಬಾರದು.

ಜೆಟ್‌ಗಳನ್ನು ಸರಿಯಾಗಿ ಹೊಂದುವ ಅಗಲದ ಸ್ಕ್ರೂಡ್ರೈವರಿನಿಂದಲೇ ಬಿಚ್ಚಬೇಕು. ಹಿತ್ತಾಳೆ ಮೃದು, ಚಿಕ್ಕ ಸ್ಕ್ರೂಡ್ರೈವರ್ ಜಾರಿದರೆ ತಲೆಯ ಸೀಳು ಒಡೆದು ಜೆಟ್ ಅಲ್ಲೇ ಉಳಿಯುತ್ತದೆ. ಎರಡು ಬ್ಯಾರೆಲ್ (ಗಾಳಿ ಹೋಗುವ ಗಂಟಲು) ಇರುವ ಕಾರ್ಬ್ಯುರೇಟರಿನಲ್ಲಿ ಒಂದೊಂದಕ್ಕೂ ಬೇರೆ ಅಳತೆಯ ಜೆಟ್‌ಗಳಿರುತ್ತವೆ. ಅವುಗಳ ಮೇಲೆ ಕೊರೆದ ಅಂಕಿ ಸಾಮಾನ್ಯವಾಗಿ ರಂಧ್ರದ ಅಳತೆಯನ್ನು ಮಿಲಿಮೀಟರಿನ ನೂರರ ಲೆಕ್ಕದಲ್ಲಿ ಹೇಳುತ್ತದೆ, 45 ಎಂದರೆ 0.45 ಮಿಲಿಮೀಟರ್. ಯಾವುದು ಎಲ್ಲಿತ್ತೆಂದು ಕಾಗದದಲ್ಲಿ ಬರೆದು ಅದರ ಮೇಲೆಯೇ ಜೆಟ್ ಇಡಿ. ಅದಲುಬದಲಾದರೆ ಆಮೇಲೆ ಯಾವ ಟ್ಯೂನಿಂಗೂ ಕಾರನ್ನು ಸರಿಮಾಡದು.

ತೊಳೆಯಲು ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಬಳಸಿ, ಕೈಗವಸು ಮತ್ತು ಕನ್ನಡಕ ಹಾಕಿಕೊಳ್ಳಿ. ರಬ್ಬರ್, ಪ್ಲಾಸ್ಟಿಕ್, ಸೊಲೆನಾಯ್ಡ್ ಎಲ್ಲವನ್ನೂ ಮೊದಲೇ ಬೇರ್ಪಡಿಸಿಟ್ಟು ಲೋಹದ ಭಾಗಗಳನ್ನು ಮಾತ್ರ ನೆನೆಸಬೇಕು. ಗಟ್ಟಿಯಾದ ಅಂಟಿಗೆ ಒಂದು ರಾತ್ರಿ ನೆನೆಯಲು ಬಿಡುವುದು ಕೆರೆದು ತೆಗೆಯುವುದಕ್ಕಿಂತ ಎಷ್ಟೋ ಮೇಲು. ಜೆಟ್‌ನ ರಂಧ್ರಕ್ಕೆ ಸೂಜಿ ಅಥವಾ ಉಕ್ಕಿನ ತಂತಿ ಹಾಕುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಆ ರಂಧ್ರವನ್ನು ಅಳತೆ ಮಾಡಿ ಕೊರೆದಿರುತ್ತಾರೆ, ಕಣ್ಣಿಗೆ ಕಾಣದಷ್ಟು ಗೀರು ಬಿದ್ದರೂ ಪೆಟ್ರೋಲಿನ ಪ್ರಮಾಣ ಬದಲಾಗುತ್ತದೆ. ನೆನೆಸಿದರೂ ಬಿಡದಿದ್ದರೆ ವಿದ್ಯುತ್ ವಯರಿನ ಒಳಗಿನ ಕೂದಲೆಳೆಯಂಥ ತಾಮ್ರದ ಒಂದೇ ಎಳೆ ಸಾಕು. ಜೆಟ್ಟನ್ನು ಬೆಳಕಿಗೆ ಹಿಡಿದಾಗ ರಂಧ್ರ ದುಂಡಗೆ, ಅಂಚು ಚೂಪಾಗಿ ಕಾಣಬೇಕು. ನಂತರ ಮೈಯೊಳಗಿನ ಪ್ರತಿ ದಾರಿಗೂ ಸ್ಪ್ರೇ ಹೊಡೆದು ಅದು ಇನ್ನೊಂದು ಕಡೆಯಿಂದ ಹೊರಬರುವುದನ್ನು ಕಣ್ಣಾರೆ ನೋಡಿ, ಪಂಕ್ಚರ್ ಅಂಗಡಿಯ ಗಾಳಿಯಿಂದ ಊದಿ. ಮುಖ್ಯವಾಗಿ, ಎಕ್ಸಲರೇಟರ್ ಒತ್ತಿದಾಗ ತೆರೆಯುವ ಥ್ರಾಟಲ್ ತಟ್ಟೆಯ ಪಕ್ಕದ ಗೋಡೆಯಲ್ಲಿರುವ ಸೂಜಿಮೊನೆಯಂಥ ಐಡ್ಲಿಂಗ್ ರಂಧ್ರಗಳನ್ನು ಬಿಡಬೇಡಿ. ಎಲ್ಲ ತೊಳೆದರೂ ಐಡ್ಲಿಂಗ್ ಬಾರದ ಕಾರುಗಳಲ್ಲಿ ಹೆಚ್ಚಾಗಿ ಉಳಿದುಹೋಗಿರುವುದು ಇವೇ.

ಮಿಕ್ಸ್ಚರ್ ಸ್ಕ್ರೂವನ್ನು ತೊಳೆಯಲು ತೆಗೆಯಲೇಬೇಕು. ತೆಗೆಯುವ ಮುನ್ನ ಅದನ್ನು ಮೆಲ್ಲನೆ ಒಳಕ್ಕೆ ತಿರುಗಿಸಿ, ತಗಲುವವರೆಗೆ ಎಷ್ಟು ಸುತ್ತು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಬಿಗಿದರೆ ಅದರ ಮೊನೆಯೂ ಅದು ಕೂರುವ ಜಾಗವೂ ಕೆಡುತ್ತವೆ. ಮರುಜೋಡಣೆಯಲ್ಲಿ ಅಷ್ಟೇ ಸುತ್ತು ಹೊರಕ್ಕೆ ಬಿಟ್ಟರೆ ಹಳೆಯ ಸ್ಥಿತಿ ಸಿಗುತ್ತದೆ.

ಜೋಡಿಸುವಾಗ ಹಳೆಯ ಗ್ಯಾಸ್ಕೆಟ್‌ಗೆ ಸಿಲಿಕೋನ್ ಬಳಿದು ಕೂರಿಸುವ ಮೋಹ ಬೇಡ. ಪೆಟ್ರೋಲ್ ತಗಲಿದ ಸಿಲಿಕೋನ್ ಉಬ್ಬಿ ಚೂರಾಗಿ ನೇರ ಜೆಟ್ ಸೇರುತ್ತದೆ. ಬುಡದ ನಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಜೋರಾಗಿ ಬಿಗಿದ ಬುಡ ಡೊಂಕಾಗಿ ಗಾಳಿ ನುಗ್ಗಲು ಹೊಸ ದಾರಿಯಾಗುತ್ತದೆ. ಚೋಕ್ ನಾಬ್ ಪೂರ್ತಿ ಒಳಗಿದ್ದಾಗ ಚೋಕ್ ತಟ್ಟೆ ಪೂರ್ತಿ ನೆಟ್ಟಗೆ ನಿಲ್ಲುತ್ತದೆಯೇ ಎಂದು ನೋಡಿ. ಕೇಬಲ್ ತುಕ್ಕು ಹಿಡಿದು ಅರ್ಧದಲ್ಲೇ ನಿಂತ ಚೋಕ್‌ನಿಂದ ಕುಡಿಯುವ ಪೆಟ್ರೋಲಿಗೆ ಜನ ಕಾರ್ಬ್ಯುರೇಟರನ್ನು ದೂರುತ್ತಾರೆ.

ಈಗ ಸ್ಕ್ರೂಗಳು

ಎಂಜಿನ್ ಓಡಿ ಪೂರ್ತಿ ಬಿಸಿಯಾದ ಮೇಲೆ, ಚೋಕ್ ಒಳಗಿರುವಾಗ, ಏರ್ ಫಿಲ್ಟರ್ ಕೂರಿಸಿಕೊಂಡೇ ಟ್ಯೂನಿಂಗ್ ಮಾಡಬೇಕು. ಐಡ್ಲಿಂಗ್ ಸ್ಕ್ರೂವಿನಿಂದ ವೇಗವನ್ನು 900 ಆರ್‌ಪಿಎಂ ಸುತ್ತಮುತ್ತ ತಂದು, ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತ ಎಂಜಿನ್ ಅತಿ ವೇಗವಾಗಿ, ಸಮನಾಗಿ ಓಡುವ ಜಾಗ ಹುಡುಕಿ, ಏರಿದ ವೇಗವನ್ನು ಐಡ್ಲಿಂಗ್ ಸ್ಕ್ರೂವಿನಿಂದ ಮತ್ತೆ ಇಳಿಸಿ. ಕಾರ್ಬ್ಯುರೇಟರ್ ನಿಜವಾಗಿ ಶುಚಿಯಾಗಿದ್ದರೆ ಬರೆದಿಟ್ಟ ಹಳೆಯ ಲೆಕ್ಕಕ್ಕಿಂತ ಅರ್ಧ ಸುತ್ತಿಗಿಂತ ಹೆಚ್ಚು ದೂರ ಹೋಗಬೇಕಾಗುವುದಿಲ್ಲ. ಸ್ಕ್ರೂವನ್ನು ಎತ್ತ ತಿರುಗಿಸಿದರೂ ಎಂಜಿನ್ ಸ್ಪಂದಿಸದಿದ್ದರೆ ಐಡ್ಲಿಂಗ್ ದಾರಿ ಇನ್ನೂ ಮುಚ್ಚಿದೆ. ಮತ್ತೆ ಇಳಿಸಿ ತೊಳೆಯುವುದೇ ಉತ್ತರ.

ಒಂದು ವ್ಯತ್ಯಾಸಕ್ಕೆ ಮಾತ್ರ ಜಾಗ ಬಿಡಬೇಕು. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು, ಇ20ಗೆ ಸುಮಾರು 13.5 ಪಟ್ಟು ಸಾಕು. ಇಂಜೆಕ್ಷನ್ ಕಾರಿನ ಕಂಪ್ಯೂಟರ್ ಇದನ್ನು ಸರಿದೂಗಿಸಿಕೊಳ್ಳುತ್ತದೆ, ಕಾರ್ಬ್ಯುರೇಟರಿಗೆ ಆ ಶಕ್ತಿಯಿಲ್ಲ. ಹಾಗಾಗಿ ಹಳೆಯ ಪೆಟ್ರೋಲಿಗೆ ಹೊಂದಿಸಿದ್ದ ಕಾರು ಈಗ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಎಂಬ ಸ್ಥಿತಿಯಲ್ಲಿ ಓಡುತ್ತದೆ. ಬೆಳಗಿನ ಚಳಿಯಲ್ಲಿ ಚೋಕ್ ಹೆಚ್ಚು ಹೊತ್ತು ಬೇಕಾಗುವುದು, ಕಾಲು ತೆಗೆದಾಗ ಸೈಲೆನ್ಸರಿನಲ್ಲಿ ಸಣ್ಣಗೆ ಪಟಪಟ ಎನ್ನುವುದು ಇದರಿಂದ. ಮಿಕ್ಸ್ಚರ್ ಸ್ಕ್ರೂವನ್ನು ತುಸು ಹೊರಕ್ಕೆ ಬಿಟ್ಟು ಐಡ್ಲಿಂಗನ್ನು ಸರಿಪಡಿಸಬಹುದು. ಏರಿನಲ್ಲೂ ಎಂಜಿನ್ ಸೊರಗಿ ಬಿಸಿಯೇರುತ್ತಿದ್ದರೆ ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದಕ್ಕೆ ಬದಲಿಸುವುದುಂಟು, ಅದನ್ನು ಕಾರ್ಬ್ಯುರೇಟರ್ ಬಲ್ಲ ಹಿರಿಯ ಮೆಕ್ಯಾನಿಕ್ಕಿಗೆ ಬಿಡುವುದು ಒಳ್ಳೆಯದು. ಕಿವಿಯ ಅಂದಾಜನ್ನು ಹೊಗೆ ತಪಾಸಣೆ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳಿ: 2000ದ ಮಾರ್ಚ್‌ಗಿಂತ ಮೊದಲು ತಯಾರಾದ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 3. ಅದಕ್ಕಿಂತ ಸಾಕಷ್ಟು ಕೆಳಗಿದ್ದು ಎಂಜಿನ್ ನಡುಗದೆ ನಿಂತರೆ ಟ್ಯೂನಿಂಗ್ ಸರಿಯಾಗಿದೆ.

ರಸ್ತೆಗಿಳಿಯುವ ಮೊದಲು ಬ್ರೇಕುಗಳನ್ನು ಬೇರೆಯಾಗಿ ಪರೀಕ್ಷಿಸಿಕೊಳ್ಳಿ, ನಿಂತ ಕಾರಿನಲ್ಲಿ ಅವೂ ಹಿಡಿದುಕೊಂಡಿರುತ್ತವೆ. ಮೊದಲ ಐವತ್ತು ನೂರು ಕಿಲೋಮೀಟರ್ ಊರಿನ ಸುತ್ತಲೇ ಇರಲಿ. ಎಥನಾಲ್ ಹಳೆಯ ಅಂಟನ್ನು ಕರಗಿಸುವ ಗುಣದ್ದಾದ್ದರಿಂದ ಟ್ಯಾಂಕಿನ ಗೋಡೆಯಲ್ಲಿ ಉಳಿದದ್ದೆಲ್ಲ ಹೊಸ ಪೆಟ್ರೋಲಿನೊಡನೆ ಎದ್ದು ಬರುತ್ತದೆ, ಹೊಸ ಫಿಲ್ಟರ್ ಒಂದೇ ಟ್ಯಾಂಕಿಗೆ ಕಪ್ಪಾಗುವುದು ಸಹಜ. ಹೆಚ್ಚುವರಿ ಫಿಲ್ಟರ್ ಮತ್ತು ಎರಡು ಕ್ಲಿಪ್ ಡಿಕ್ಕಿಯಲ್ಲಿಟ್ಟುಕೊಳ್ಳಿ. ಪ್ರತಿ ಓಟದ ನಂತರ ಬಾನೆಟ್ ತೆರೆದು ಹೋಸಿನ ಸೇರುವೆಗಳನ್ನು ಬೆರಳಿನಿಂದ ಮುಟ್ಟಿ ಒದ್ದೆಯಿದೆಯೇ ನೋಡಿ, ಆಯಿಲ್ ಕಡ್ಡಿಯನ್ನು ಇನ್ನೊಮ್ಮೆ ಮೂಸಿ. ಕಾರು ಮತ್ತೆ ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಕಾರ್ಬ್ಯುರೇಟರಿಗೆ ಬರುವ ಹೋಸನ್ನು ಬಿಚ್ಚಿ ತುದಿ ಮುಚ್ಚಿ, ಚೇಂಬರಿನಲ್ಲಿರುವ ಪೆಟ್ರೋಲ್ ತೀರಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಹೋಸನ್ನು ಮತ್ತೆ ಜೋಡಿಸಿಡಿ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಮನೆಯಲ್ಲಿ ಯಾರಾದರೂ ಇದ್ದರೆ ಅದೂ ಬೇಕಾಗುವುದಿಲ್ಲ.